ಕಥೆ ಮುಗಿಯುವ ಮುಂಚೆ ಬಂದ ಮಂಗಳ

ಫಿಲಮ್ಮಿಗೆ ನಾನು ಮೊದಲ ದಿನದಿಂದಲೂ ಹೆದರುತ್ತಿದ್ದೆ. ನನಗೆ ಕೆಲಸ ಕಲಿಸಿದವರು ಮೊದಲು ಕಲಿಸಿದ್ದೂ ಆ ಹೆದರಿಕೆಯನ್ನೇ. ಅಂಗೈಯಗಲದ ಫಿಲಂ ಚೂರೊಂದನ್ನು ಬಂಡೆಯ ಮೇಲಿಟ್ಟು ಕಡ್ಡಿ ಗೀರಿದರು. ಅದು ಕಟ್ಟಿಗೆಯಂತೆ ಉರಿಯಲಿಲ್ಲ, ಭುಗ್ಗೆಂದು ಎದ್ದು ಮಾಯವಾಯಿತು. "ನೀರು ಹಾಕಿದ್ರೂ ಆರಂಗಿಲ್ಲ ಇದು. ನೀ ಇದರ ಜೋಡಿ ಬಾಳೇವು ಮಾಡ್ಬೇಕು ನೋಡು," ಎಂದರು. ಅಂದಿನಿಂದ ನನ್ನ ಕಾಲ ಬಳಿ ಯಾವಾಗಲೂ ಮರಳು ತುಂಬಿದ ಎರಡು ಬಕೆಟ್ಟು, ಒಂದು ಹಸಿ ಗೋಣಿಚೀಲ. ನಾನು ಹುಟ್ಟಾ ಪುಕ್ಕಲ. ಆಪರೇಟರ್ ಕೆಲಸಕ್ಕೆ ಪುಕ್ಕಲರೇ ಲಾಯಕ್ಕು, ಧೈರ್ಯವಂತರು ಟೆಂಟು ಸುಡುತ್ತಾರೆ ಎಂದು ನಮ್ಮ ಯಜಮಾನರು ನಗುತ್ತಿದ್ದರು.

ಹೊಳೆಗೆ ಆಗಿನ್ನೂ ಅಣೆಕಟ್ಟು ಬಂದಿರಲಿಲ್ಲ. ನಮ್ಮ ಟೆಂಟು ಸಿನಿಮಾ ಎತ್ತಿನ ಬಂಡಿಗಳ ಮೇಲೆ ಸಂಡೂರು, ಕಂಪ್ಲಿ, ಹೊಸಪೇಟೆ ಎಂದು ಸುತ್ತುತ್ತಿತ್ತು. ನೆಲದ ತುಂಬ ಮರಳು. ಜನ ಆ ಮರಳನ್ನೇ ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು. ನಡುವೆ ಎದೆಮಟ್ಟದ ಬಟ್ಟೆಯ ಅಡ್ಡ, ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಸುತ್ತ ಕನಾತು ಎಂದು ಕರೆಯುವ ಬಟ್ಟೆಯ ಗೋಡೆ. ಹಿಂದೆ ತಗಡಿನ ಗೂಡಿನಲ್ಲಿ ನಾನು ಮತ್ತು ನನ್ನ ಮೆಷಿನ್ನು. ಮೆಷಿನ್ನು ಒಂದೇ ಆದ್ದರಿಂದ ಒಂದು ರೀಲು ಮುಗಿದ ಕೂಡಲೇ ದೀಪ ಹಾಕಿ, ಇನ್ನೊಂದನ್ನು ಏರಿಸುವವರೆಗೂ ಜನರನ್ನು ಕಾಯಿಸಬೇಕು. ಆ ಬಿಡುವಿನಲ್ಲಿ ಹೆಂಗಸರ ಕಡೆ ಒಬ್ಬ ಬಳೆಗಾರ್ತಿ ಬಳೆ ತೊಡಿಸುತ್ತಿದ್ದಳು. ನಮ್ಮ ಟೆಂಟು ಹೋದಲ್ಲೆಲ್ಲ ಬಳೆಯ ಗಂಟು ಹೊತ್ತು ಬರುತ್ತಿದ್ದ ನಡುವಯಸ್ಸಿನ ವಿಧವೆ. ಅವಳು ನನ್ನನ್ನು ತಮ್ಮಾ ಎನ್ನುತ್ತಿದ್ದಳು, ನಾನು ಅಕ್ಕಾ ಎನ್ನುತ್ತಿದ್ದೆ. ದಿನಾ ಅದೇ ಸಿನಿಮಾ ನೋಡಿ ನೋಡಿ ಅವಳಿಗೆ ಅದು ಬಾಯಿಪಾಠವಾಗಿರುತ್ತಿತ್ತು.

ಆ ಸಲ ನಮಗೆ ಬಂದದ್ದು ತೆಲುಗು ಮಾತಿನ ಚಿತ್ರ. ನಮ್ಮ ಸೀಮೆಯಲ್ಲಿ ತೆಲುಗಿಗೆ ಯಾರೂ ಮುಖ ತಿರುಗಿಸುವುದಿಲ್ಲ. ಒಬ್ಬ ರಾಣಿ, ಅವಳ ಕಳೆದುಹೋದ ಮಗು, ನಡುವೆ ಕಾಡು, ಕಾಳ್ಗಿಚ್ಚು, ಕೊನೆಗೆ ದೇವರು ಪ್ರತ್ಯಕ್ಷವಾಗಿ ಮಗುವನ್ನು ಮಡಿಲಿಗೆ ಹಾಕುವುದು, ಆಮೇಲೆ ಆರತಿ, ಮಂಗಳ. ನಾನೂರು ಊರು ಸುತ್ತಿ ಬಂದಂತೆ ಸವೆದ ಪ್ರಿಂಟು. ಹರಿದ ಕಡೆಯೆಲ್ಲ ನಾನು ಜೋಡಿಸಬೇಕಿತ್ತು. ಬ್ಲೇಡಿನಿಂದ ಅಂಚನ್ನು ನವಿರಾಗಿ ಕೆರೆದು, ಬಾಳೆಹಣ್ಣಿನ ವಾಸನೆಯ ಅಂಟನ್ನು ಸವರಿ, ಎರಡೂ ತುದಿಯ ತೂತುಗಳನ್ನು ಒಂದರ ಮೇಲೊಂದು ಕೂರಿಸಿ ಒತ್ತಿ ಹಿಡಿಯಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಫಿಲಮ್ಮಿನ ಅಂಚಿನಲ್ಲಿ ಧ್ವನಿಯ ಗೆರೆ ಓಡುತ್ತಿರುತ್ತದಲ್ಲ, ಜೋಡಿಸಿದ ಜಾಗದಲ್ಲಿ ಅದರ ಮೇಲೆ ಕಪ್ಪು ಮಸಿಯನ್ನು ಇಳಿಜಾರಾಗಿ ಬಳಿಯಬೇಕು. ಬಳಿಯದಿದ್ದರೆ ಜೋಡಣೆ ಹಾದುಹೋಗುವಾಗ ಸ್ಪೀಕರಿನಲ್ಲಿ ಠಪ್ ಎಂದು ಸದ್ದು ಹೊಡೆಯುತ್ತದೆ. ಚಿತ್ರ ಒಂದು ಕಡೆ ಇದ್ದರೆ ಅದರ ಮಾತು ಮೊಳದಷ್ಟು ಮುಂದೆ ಇರುತ್ತದೆ. ಅದನ್ನು ಮರೆತು ಕತ್ತರಿ ಹಾಕಿದರೆ ಪರದೆಯ ಮೇಲೆ ಬಾಯಿ ಒಬ್ಬರದು, ಮಾತು ಇನ್ನೊಬ್ಬರದು.

ಸಂಡೂರಿನಲ್ಲಿ ಮೊದಲ ದಿನವೇ ಯಜಮಾನರು ಹಿಂದೆ ನಿಂತು ನೋಡಿದರು. ಅವರು ಪರದೆಯನ್ನು ನೋಡುವವರಲ್ಲ, ಜನರ ಬೆನ್ನು ನೋಡುವವರು. ಚಿತ್ರದ ನಡುವೆ ರಾಣಿ ಖಾಲಿ ತೊಟ್ಟಿಲ ಮುಂದೆ ಕೂತು ಹಾಡುವ ಹಾಡೊಂದಿತ್ತು. ಬಿಳಿ ಸೀರೆ, ಪಕ್ಕದಲ್ಲಿ ದೊಡ್ಡ ದೀಪ, ಕ್ಯಾಮೆರಾ ಅಲುಗುವುದೇ ಇಲ್ಲ. ಹಾಡು ಎತ್ತಿದ್ದೇ ತಡ, ಗಂಡಸರು ಒಬ್ಬೊಬ್ಬರಾಗಿ ಎದ್ದು ಬೀಡಿ ಸೇದಲು ಹೊರಟರು. ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತ ಕೂತರು.

ಆಟ ಮುಗಿದ ಮೇಲೆ ಯಜಮಾನರು ಗೂಡಿಗೆ ಬಂದು, "ಅರ್ಧ ಟೆಂಟು ಎದ್ದು ಹೊರಗ ಹೋಗ್ತೈತಲೇ. ಆ ಹಾಡು ಕಿತ್ತಾಕು," ಎಂದರು.

"ಹೆಣ್ಮಕ್ಕಳು ಭಾಳ ಇಷ್ಟಪಟ್ಟು ನೋಡ್ತಾರ್ರಿ ಯಜಮಾನ್ರ."

"ಅಳಾಕ ಅವರಿಗೆ ಮನಿ ಐತಿ. ಅದಕ್ಕ ಇಲ್ಲಿಗ್ಯಾಕ ಬರ್ಬೇಕು?"

ಹಾಡನ್ನು ಕತ್ತರಿಸಿ ಸುತ್ತಿ ಬೇರೆ ಡಬ್ಬಿಗೆ ಹಾಕಿದೆ. ಫಿಲಮ್ಮನ್ನು ಎಸೆಯಲಿಕ್ಕೂ ನನಗೆ ಹೆದರಿಕೆ. ಎಸೆದಲ್ಲಿ ಯಾರು ಬೀಡಿ ಒಗೆಯುತ್ತಾರೋ ಯಾರಿಗೆ ಗೊತ್ತು?

ಆಮೇಲೆ ಅವರ ಕಣ್ಣು ಕಾಳ್ಗಿಚ್ಚಿನ ಮೇಲೆ ಬಿತ್ತು. ಅದನ್ನು ಪಟ್ಟಣದಲ್ಲಿ ಜೋಡಿಸಿದ ಪುಣ್ಯಾತ್ಮ ಯಾರೋ ತಿಳಿದವನು. ಬೆಂಕಿ, ರಾಣಿಯ ಮುಖ, ಓಡುವ ಜಿಂಕೆ, ಅಲ್ಲಿಂದ ಒಮ್ಮೆಲೇ ಒಂದು ಕೊಳ. ನೀರು ಅಲುಗದೆ ನಿಂತಿದೆ, ಎಲೆಯೊಂದು ತೇಲುತ್ತಿದೆ. ಅದು ಸುಮಾರು ಹೊತ್ತು ನಿಲ್ಲುತ್ತಿತ್ತು. ಆಮೇಲೆ ಮತ್ತೆ ಬೆಂಕಿ. ಕೊಳ ಬಂದಾಗ ಜನ ಕಾಲು ಮಡಿಸಿ ಬಿಡಿಸುತ್ತಿದ್ದರು, ಕೆಮ್ಮುತ್ತಿದ್ದರು, ಮಕ್ಕಳನ್ನು ಸರಿಮಾಡಿಕೊಳ್ಳುತ್ತಿದ್ದರು. ಯಜಮಾನರ ಲೆಕ್ಕದಲ್ಲಿ ಅದು ದಂಡದ ಹೊತ್ತು. ಕೊಳ ತೆಗಿ ಎಂದರು, ತೆಗೆದೆ. ಜಿಂಕೆ ಯಾಕೆ ಎಂದರು, ಅದನ್ನೂ ತೆಗೆದೆ. ಅಲ್ಲಿ ಮಾತಿಲ್ಲದ್ದರಿಂದ ಕತ್ತರಿಗೆ ಅಡ್ಡಿಯೂ ಇರಲಿಲ್ಲ. ಕೊನೆಗೆ ಉಳಿದದ್ದು ಬೆಂಕಿ, ಮುಖ, ಬೆಂಕಿ, ಮಗು, ಬೆಂಕಿ.

ಮರುದಿನ ಗೂಡಿನ ಕಿಂಡಿಯಿಂದ ನೋಡಿದೆ. ಕಾಳ್ಗಿಚ್ಚು ಬಂದಾಗ ಯಾರೂ ಕೆಮ್ಮಲಿಲ್ಲ. ಮುಂದಿನ ಸಾಲುಗಳು ಮೊಣಕಾಲಿನ ಮೇಲೆ ಎದ್ದವು, ಅವರ ಮರೆಯಾಯಿತೆಂದು ಹಿಂದಿನವರೂ ಎದ್ದರು. ಇಡೀ ಟೆಂಟು ಉಸಿರು ಬಿಗಿ ಹಿಡಿದು ಪರದೆಯ ಕಡೆ ವಾಲಿತ್ತು. ಯಜಮಾನರ ಮುಖ ಹಬ್ಬದಂತಾಯಿತು. ಒಂದು ತುಂಡು ಪರದೆಯ ಮೇಲೆ ನಿಂತಷ್ಟು ಹೊತ್ತೂ ಜನ ಒಂದು ಉಸಿರು ಎಳೆಯುತ್ತಾರೆ ಎಂಬುದು ಆವತ್ತು ನನಗೆ ಗೊತ್ತಾಯಿತು. ನಾನು ತುಂಡು ಗಿಡ್ಡ ಮಾಡಿದಷ್ಟೂ ಅವರ ಉಸಿರು ಗಿಡ್ಡವಾಗುತ್ತಿತ್ತು. ಅಷ್ಟು ಜನರ ಉಸಿರು ನನ್ನ ಬ್ಲೇಡಿನ ಕೆಳಗಿದೆ ಎನ್ನುವುದು ಪುಕ್ಕಲನಿಗೆ ಸಂತೋಷದ ಸುದ್ದಿಯಲ್ಲ.

ಕಂಪ್ಲಿಯಲ್ಲಿ ಆ ಹೆದರಿಕೆ ನಿಜವಾಯಿತು. ಕಬ್ಬಿನ ಕಾಲ. ಊರ ಸುತ್ತ ಗಾಣಗಳು, ಬೆಲ್ಲ ಕುದಿಸುವ ಒಲೆಗಳು. ಒಲೆಗೆ ರವದಿ, ಅಂದರೆ ಕಬ್ಬಿನ ಒಣ ಎಲೆ, ಹಾಕಿದರೆ ಹೊಗೆ ಊರನ್ನೇ ಮುಚ್ಚುತ್ತದೆ, ಆ ವಾಸನೆ ಕಂಪ್ಲಿಯ ಕೂಸಿಗೂ ಗೊತ್ತು. ಆವತ್ತು ಸಂಜೆಯ ಆಟದಲ್ಲಿ ಕಾಳ್ಗಿಚ್ಚು ನಡೆದಿರುವಾಗ ಗಾಳಿ ತಿರುಗಿ ಹೊಗೆ ಟೆಂಟಿನೊಳಗೆ ನುಗ್ಗಿತು. ಮೊಣಕಾಲ ಮೇಲೆ ನಿಂತ ಜನ, ಕಣ್ಣ ಮುಂದೆ ಬೆಂಕಿ, ಮೂಗಿಗೆ ಹೊಗೆ. ಯಾರೋ "ಬೆಂಕಿ ಹತ್ತೇತೋ" ಎಂದು ಕೂಗಿದರು. ದಿನಾ ಆ ಹೊಗೆಯಲ್ಲೇ ಉಂಡು ಮಲಗುವ ಜನ ಅದನ್ನು ಗುರುತಿಸಲಾರದೆ ಎದ್ದು ಓಡಿದರು. ಬಾಗಿಲು ಬಿಟ್ಟು ಕನಾತಿನ ಕೆಳಗೆ ತೂರಿದರು, ಅದನ್ನು ಹರಿದರು, ಹೊರಗಿನ ಹಗ್ಗಗಳಿಗೆ ಎಡವಿ ಗೂಟಗಳನ್ನು ಕಿತ್ತರು. ಟೆಂಟಿನ ಒಂದು ಮೂಲೆ ಕುಸಿದು ಕೂತಿತು. ಸಾವು ಆಗಲಿಲ್ಲ. ಆದರೆ ನಮ್ಮ ಬಳೆಗಾರ್ತಿಯ ಕಾಲಿನ ಮೇಲೆ ಎಷ್ಟು ಜನ ಓಡಿದರೋ, ಪಾದದ ಮೂಳೆ ಮುರಿದಿತ್ತು.

ನಾಟಿ ಕಟ್ಟು ಕಟ್ಟಿಸಿಕೊಂಡು ಮಲಗಿದ್ದವಳನ್ನು ನೋಡಲು ಹೋದೆ. ಅವಳು ನನ್ನನ್ನು ಬೈಯಲಿಲ್ಲ. "ಮೊದ್ಲ ಅಲ್ಲೊಂದು ಕೆರಿ ಬರ್ತಿತ್ತಲ್ಲ ತಮ್ಮಾ, ನೀರು? ಅದಿದ್ರ ನಂಗ ವಾಸ್ನಿ ತಿಳೀತಿತ್ತು. ಬೆಲ್ಲದ ಹೊಗಿ ಅಂತ ಅನ್ನೂದ್ರಾಗ ಎಲ್ಲಾರೂ ಮೈಮ್ಯಾಲ ಬಂದ್ರು," ಎಂದಳು.

ಕೊಳವನ್ನು ಮತ್ತೆ ಹಚ್ಚುತ್ತೇನೆ ಎಂದು ಯಜಮಾನರನ್ನು ಕೇಳಿದೆ.

"ಕಂಪ್ಲಿ ಗಾಣ ಹೊಸಪ್ಯಾಟಿಗೆ ಬರ್ತೈತೇನಲೇ? ಸುಮ್ಕಿರು. ಜನ ಆ ಬೆಂಕಿ ನೋಡಾಕಂತನ ಎರಡೆರಡು ಸಲ ಬರಾಕಹತ್ಯಾರ," ಎಂದರು.

ಹೊಸಪೇಟೆಗೆ ಬರುವ ಹೊತ್ತಿಗೆ ಬಿಸಿಲು ಏರಿತ್ತು. ಆಟ ಶುರುವಾದ ಮೇಲೆ ಕೆಲವು ದಿನಕ್ಕೆ ಬಳೆಗಾರ್ತಿ ಕೋಲೂರಿಕೊಂಡು ಬಂದಳು. ಬಾಗಿಲಿನಿಂದ ದೂರ, ಹೆಂಗಸರ ಕಡೆಯ ಕಂಬಕ್ಕೆ ಒರಗಿ ಕೂರುವುದು ಅವಳ ರೂಢಿ. ಆ ಕಂಬದ ವಿಷಯ ಹೇಳಲೇಬೇಕು. ಅದು ಟೆಂಟಿನ ಭಾರವನ್ನೆಲ್ಲ ಹೊರುವ ಎರಡು ಕಂಬಗಳಲ್ಲಿ ಒಂದು. ಬಂಡಿಯ ಮೇಲೆ ಸಾಗಿಸಲು ಉದ್ದವಾಗುತ್ತದೆಂದು ಅದನ್ನು ಎರಡು ತುಂಡು ಮಾಡಿ, ಊರಿಂದೂರಿಗೆ ಹೋದಾಗ ಕಬ್ಬಿಣದ ಪಟ್ಟಿ ಬಿಗಿದು ಜೋಡಿಸುತ್ತಿದ್ದರು. ಮೆಷಿನ್ನಿನ ಬೆಳಕು ಆ ಕಂಬದ ಪಕ್ಕದಲ್ಲೇ, ಒಂದು ಗೇಣು ಬಿಟ್ಟು ಹಾದು ಪರದೆಗೆ ಹೋಗುತ್ತಿತ್ತು.

ಆವತ್ತು ಯಜಮಾನರು ಬೇರೆ ಚಿತ್ರದ ಪೆಟ್ಟಿಗೆ ತರಲು ಗುಂತಕಲ್ಲಿಗೆ ಹೋಗಿದ್ದರು. ಮಧ್ಯಾಹ್ನ ಧೂಳೆಬ್ಬಿಸಿಕೊಂಡು ದೊಡ್ಡ ಗಾಳಿ ಬೀಸಿ ಹೋಗಿತ್ತು. ಗೇಟಿನ ಕಾಕಾ ಹಗ್ಗಗಳನ್ನೆಲ್ಲ ಎಳೆದು ಬಿಗಿದಿದ್ದ. ಕಾಕಾ ನಮ್ಮ ಟೆಂಟಿನ ಹಳೆಯ ಆಳು, ಟಿಕೆಟು ಹರಿಯುವವನು, ದೊಡ್ಡ ಗಂಟಲಿನವನು. ಗುಟ್ಟಿನ ಮಾತನ್ನೂ ಬಜಾರಿಗೆ ಕೇಳುವಂತೆ ಹೇಳುತ್ತಿದ್ದ. ಸಂಜೆಯ ಆಟಕ್ಕೆ ಜನ ಕಿಕ್ಕಿರಿದಿದ್ದರು. ಹಂಪಿಯಲ್ಲಿ ದೇವರ ದರ್ಶನ ಮುಗಿಸಿ ಬಂದ ಪರವೂರಿನ ಹೆಂಗಸರೂ ಮಕ್ಕಳೂ ಇದ್ದುದರಿಂದ ಬಲಗಡೆ ಕಾಲಿಡಲು ಜಾಗವಿರಲಿಲ್ಲ.

ಮೂರು ರೀಲು ಸರಿಯಾಗಿ ನಡೆದವು. ನಾಲ್ಕನೆಯದು ಅರ್ಧ ಓಡಿರುವಾಗ ಎಡಗಡೆಯಿಂದ ಕೂಗು ಎದ್ದಿತು. "ಏ ಆಪ್ರೇಟ್ರಾ, ಪರದೆ ಮ್ಯಾಲ ಏನಲೇ ಅದು?"

ನೋಡಿದೆ. ಚಿತ್ರದ ಬಲ ಅಂಚಿನಲ್ಲಿ ಕಪ್ಪಗೆ ನೆಟ್ಟಗೆ ಒಂದು ಪಟ್ಟಿ. ಫಿಲಂ ಹಾಯುವ ಸಂದಿನಲ್ಲಿ ಕಸ ಸೇರಿರಬೇಕೆಂದು ಊದಿದೆ. ಹೋಗಲಿಲ್ಲ. ಲೆನ್ಸಿನ ಗಾಜು ಒರೆಸಿದೆ. ಅದು ಅಲ್ಲೇ ಇತ್ತು, ಮೊದಲಿಗಿಂತ ಬೆರಳಷ್ಟು ದಪ್ಪವಾಗಿತ್ತು. ಕಿಂಡಿಗೆ ಮುಖ ಹಚ್ಚಿ ನೋಡಿದೆ. ಬೆಳಕಿನಲ್ಲಿ ನಿಂತದ್ದು ಕಂಬ. ಗೇಣು ದೂರವಿರಬೇಕಾದ ಕಂಬ ಬೆಳಕಿನೊಳಕ್ಕೆ ಬಂದಿತ್ತು. ಕಬ್ಬಿಣದ ಪಟ್ಟಿಯ ಹತ್ತಿರ, ಜೋಡಣೆ ಇರುವಲ್ಲಿ, ಅದು ಸೊಂಟ ಮುರಿದವರಂತೆ ಬಾಗಿತ್ತು. ಹೊರಗೆ ಗಾಳಿ ಮತ್ತೆ ಏಳುತ್ತಿತ್ತು.

ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ, ಮೊದಲು ಬಂದ ಯೋಚನೆ ಗೂಡಿನ ಹಿಂಬಾಗಿಲಿನಿಂದ ಹೊರಗೆ ಹಾರುವುದು. ಕಾಲು ಮೇಲೇಳದ್ದರಿಂದ ಉಳಿದೆ. ಎರಡನೆಯ ಯೋಚನೆ ದೀಪ ಹಾಕಿ, ಏಳಿ, ಹೋಗಿ ಎಂದು ಕೂಗುವುದು. ಕೂಗಿದರೆ ಏನಾಗುತ್ತದೆ ಎಂಬುದನ್ನು ಕಂಪ್ಲಿಯಲ್ಲಿ ಕಣ್ಣಾರೆ ಕಂಡಿದ್ದೆ. ಕನಾತು ಎಳೆಯುತ್ತಾರೆ, ಹಗ್ಗಕ್ಕೆ ಬೀಳುತ್ತಾರೆ, ಗೂಟ ಕೀಳುತ್ತಾರೆ. ಕಂಬವನ್ನು ಈಗ ಹಿಡಿದಿರುವುದು ಆ ಹಗ್ಗಗಳು ಮಾತ್ರ. ಅದರ ಸೊಂಟ ಬೆಳಕಿನ ಕಡೆ ಉಬ್ಬಿದ್ದರೂ ತಲೆ ವಾಲಿರುವುದು ಹೆಂಗಸರ ಕಡೆಗೆ. ಅದರ ಬುಡದಲ್ಲಿ ಮುರಿದ ಕಾಲಿನ ಬಳೆಗಾರ್ತಿ, ಅವಳ ಸುತ್ತ ಮಕ್ಕಳು.

ಇದನ್ನೆಲ್ಲ ಯೋಚಿಸುತ್ತ ನನ್ನ ಕೈ ರೂಢಿಯಂತೆ ಮುಂದಿನ ರೀಲನ್ನು ಎತ್ತಿಕೊಂಡಿತ್ತು. ಡಬ್ಬಿಯ ಮೇಲಿನ ಗುರುತು ನೋಡಿದೆ. ಕಾಳ್ಗಿಚ್ಚು. ಹಾವನ್ನು ಮುಟ್ಟಿದವನಂತೆ ಕೆಳಗಿಟ್ಟೆ. ಆ ರೀಲು ಏರಿದರೆ ಇಡೀ ಟೆಂಟು ಮೊಣಕಾಲ ಮೇಲೆ ಏಳುತ್ತದೆ. ಆಗ ಕಂಬ ಕಿರ್ ಎಂದರೂ ಸಾಕು.

ಆಗ ಹಾಡಿನ ಡಬ್ಬಿ ಕಣ್ಣಿಗೆ ಬಿತ್ತು. ಯಾರೂ ಕೂಗದೆ, ಯಾರೂ ಹೇಳದೆ ಗಂಡಸರನ್ನೆಲ್ಲ ಹೊರಗೆ ಕಳಿಸುವ ಹಾಡು. ಆದರೆ ಹೆಂಗಸರು? ಅವರು ಆ ಹಾಡಿಗೆ ಏಳುವವರಲ್ಲ, ಇನ್ನೂ ಊರಿ ಕೂರುವವರು. ಅವರು ಯಾವಾಗ ಏಳುತ್ತಾರೆ? ಮಂಗಳಕ್ಕೆ. ನಮ್ಮ ಕಡೆ ಬಯಲಾಟವಾಗಲಿ, ಭಜನೆಯಾಗಲಿ, ಮಂಗಳ ಹಾಡಿದ ಮೇಲೆ ಕೂತಿರಬಾರದು. ಎದ್ದು ಕೈಮುಗಿದು, ಕೆನ್ನೆ ಮುಟ್ಟಿಕೊಂಡು, ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ಹೊರಡುತ್ತಾರೆ. ದೇವರ ಆರತಿಗೆ ಬೆನ್ನು ತಿರುಗಿಸಿ ಓಡಿದ ಹೆಂಗಸನ್ನು ನಾನು ಯಾವ ಊರಿನಲ್ಲೂ ಕಂಡಿರಲಿಲ್ಲ.

ಇಷ್ಟರಲ್ಲಿ ಕಾಕಾ ಗೂಡಿನ ಬಾಗಿಲಿಗೆ ಬಂದ. "ಏನೋ ಅದು ಪರದೆ ಮ್ಯಾಲ..." ಎಂದು ಎತ್ತರದ ದನಿಯಲ್ಲಿ ಶುರುಮಾಡಿದ. ನಾನು ಅವನ ಬಾಯಿ ಮುಚ್ಚಿದೆ. ಅಷ್ಟು ಹಿರಿಯನ ಬಾಯಿ ಮುಚ್ಚಿದ್ದು ಅದೇ ಮೊದಲು, ಅದೇ ಕೊನೆ.

"ಕಾಕಾ, ಕಂಬ ಬಿಟ್ಟೈತಿ. ಕೂಗಬ್ಯಾಡ, ನಿನ್ ಕಾಲಿಗ್ ಬೀಳ್ತೀನಿ. ಈಗ ಹಾಡು ಹಾಕ್ತೀನಿ, ಗಂಡಸ್ರು ಬೀಡಿಗೆ ಹೊರಗ ಬರ್ತಾರ. ಒಬ್ರನ್ನೂ ತಿರುಗಿ ಒಳಗ ಬಿಡಬ್ಯಾಡ. ಗಾಳಿ ಐತಿ, ಒಂಚೂರು ಹಗ್ಗ ಹಿಡೀರಿ ಅಂತ ಹೇಳು. ಕಂಬದ ಮಾತು ಎತ್ತಬ್ಯಾಡ."

ಅವನ ಕಣ್ಣು ಅಗಲವಾದವು. "ಹೆಣ್ಮಕ್ಕಳು?" ಎಂದ. ಅವನ ಜನ್ಮದಲ್ಲಿ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಮಂಗಳ ಹಾಕ್ತೀನಿ."

ಅವನು ತಲೆಯಾಡಿಸಿ ಹೋದ. ನಾಲ್ಕನೆಯ ರೀಲು ಇನ್ನು ಸ್ವಲ್ಪವೇ ಉಳಿದಿತ್ತು. ಕೊನೆಯ ರೀಲಿನ ಡಬ್ಬಿ ತೆಗೆದು, ಬಾಲದ ಕಡೆಯಿಂದ ಬಿಚ್ಚಿ, ದೀಪಕ್ಕೆ ಹಿಡಿದು ಆರತಿಯ ತಟ್ಟೆಯನ್ನು ಹುಡುಕಿದೆ. ಫಿಲಂ ನನ್ನ ಕಾಲ ಸುತ್ತ ಸುರುಳಿ ಸುರುಳಿಯಾಗಿ ಬಿತ್ತು. ಮಾರು ದೂರದಲ್ಲಿ ಮೆಷಿನ್ನಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿಗಳು ಉರಿಯುತ್ತಿವೆ. ಒಂದು ಕಿಡಿ ಹಾರಿದರೆ ನಾನೂ ಇಲ್ಲ, ಗೂಡೂ ಇಲ್ಲ. ನನಗೆ ಕೆಲಸ ಕಲಿಸಿದವರು ನೋಡಿದ್ದರೆ ಅಲ್ಲೇ ಕಪಾಳಕ್ಕೆ ಹೊಡೆಯುತ್ತಿದ್ದರು. ಮಂಗಳ ಶುರುವಾಗುವಲ್ಲಿ, ಧ್ವನಿಗೆಂದು ಮೊಳ ಮುಂದಕ್ಕೆ ಬಿಟ್ಟು ಕತ್ತರಿಸಿದೆ. ಅದನ್ನು ಅಂಟಿಸಲೆಂದು ಹಾಡಿನ ತುದಿಯನ್ನು ಕೆರೆಯುವಾಗ ಅವಸರಕ್ಕೆ ಬ್ಲೇಡು ಆಳಕ್ಕೆ ಇಳಿಯಿತು, ತೂತು ಹರಿಯಿತು. ಚಿತ್ರದ ಒಂದು ಚೌಕ ಬಿಟ್ಟು ಮತ್ತೆ ಕೆರೆದೆ. ಅಂಟು ಸವರಿ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದೆ. ಮಸಿ ಬಳಿಯಬೇಕೆನ್ನುವಷ್ಟರಲ್ಲಿ ಓಡುತ್ತಿದ್ದ ರೀಲಿನ ಬಾಲ ಪಟಪಟ ಬಡಿಯತೊಡಗಿತು.

ರೀಲು ಮುಗಿದರೆ ದೀಪ ಹಾಕಬೇಕು. ಹಾಕಲಿಲ್ಲ. ಹಾಕಿದರೆ ಎಲ್ಲರಿಗೂ ಕಂಬ ಕಾಣುತ್ತದೆ. ಕತ್ತಲಿನಲ್ಲಿ ಶಿಳ್ಳೆ, ಬೈಗುಳ ಎದ್ದವು. ನಾನು ಬೆರಳಿನ ಗುರುತಿನಲ್ಲೇ ಹಾಡಿನ ಫಿಲಮ್ಮನ್ನು ಗಾಲಿಗಳ ಮೇಲೆ ಏರಿಸಿದೆ. ಅಷ್ಟು ಹೊತ್ತು ಕತ್ತಲಲ್ಲಿ ಕಂಬದ ಸದ್ದನ್ನು ಮಾತ್ರ ಕೇಳುತ್ತಿದ್ದೆ. ಅದು ಹಳೆಯ ಮಂಚದಂತೆ ಕಿರುಗುಟ್ಟುತ್ತಿತ್ತು.

ಬಿಳಿ ಸೀರೆಯ ರಾಣಿ ತೊಟ್ಟಿಲ ಮುಂದೆ ಬಂದು ಕೂತಳು. ಟೆಂಟು ಬೆಳಗಿತು. ಎಡಗಡೆಯಿಂದ "ಅಯ್ಯಯ್ಯ, ಹಾಡು" ಎಂದು ಯಾರೋ ನರಳಿದರು. ಒಬ್ಬ ಎದ್ದ. ಅವನ ಬೆನ್ನಿಗೆ ಇಬ್ಬರು. ಆಮೇಲೆ ಸಾಲಿಗೆ ಸಾಲೇ ಧೋತರ ಕೊಡವಿಕೊಂಡು ಹೊರಟಿತು. ಬೆಂಕಿಯ ಮುಂದೆ ಉಸಿರು ಬಿಗಿಹಿಡಿಯುತ್ತಿದ್ದ ಅದೇ ಜನ ಆಕಳಿಸುತ್ತ, ಬೀಡಿ ಹುಡುಕುತ್ತ, ಮಾತಾಡುತ್ತ ನಡೆದರು. ಪಟ್ಟಣದಲ್ಲಿ ಆ ಹಾಡನ್ನು ಅಷ್ಟು ಉದ್ದ ಬಿಟ್ಟವನ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಹೊರಗೆ ಕಾಕಾನ ದನಿ ಕೇಳಿತು, "ಗಾಳಿ ಭಾಳ ಐತ್ರಪ್ಪಾ, ಹಗ್ಗ ಹಿಡೀರಿ ಒಂಚೂರು." ಅದನ್ನೂ ಅವನು ಮದುವೆಗೆ ಕರೆಯುವವನಂತೆ ಸಮಾಧಾನವಾಗಿ ಹೇಳುತ್ತಿದ್ದ.

ಎಡಗಡೆ ಬರಿದಾಯಿತು. ಬಲಗಡೆ ಒಬ್ಬಳೂ ಅಲುಗಲಿಲ್ಲ. ಪರದೆಯ ಮೇಲಿನ ಕಪ್ಪು ಪಟ್ಟಿ ಈಗ ತೊಟ್ಟಿಲಿನ ಅಂಚನ್ನು ಮುಟ್ಟಿತ್ತು. ಗಾಳಿ ಬೀಸಿದಾಗ ಮುಂದೆ ಬರುತ್ತಿತ್ತು, ಗಾಳಿ ನಿಂತಾಗ ಒಂದಿಷ್ಟು ಹಿಂದೆ ಸರಿಯುತ್ತಿತ್ತು. ಹಾಡಿನ ಒಂದೊಂದು ಸಾಲಿಗೂ ನನ್ನ ಜೀವ ಹೋಗಿ ಬರುತ್ತಿತ್ತು. ಜೋಡಣೆ ಮೇಲಿನ ಸುರುಳಿಯಿಂದ ಇಳಿದು ಬರುತ್ತಿರುವುದನ್ನು ನೋಡಿದೆ. ಅಂಟು ಒಣಗಿದೆಯೋ ಇಲ್ಲವೋ. ಅದು ಸಂದಿನಲ್ಲಿ ಬಿಚ್ಚಿಕೊಂಡು ನಿಂತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಫಿಲಂ ಹೊತ್ತುತ್ತದೆ, ಆಗ ಬೆಂಕಿ ಎಂದು ಕೂಗುವವರು ಸುಳ್ಳು ಹೇಳಿದಂತಾಗುವುದಿಲ್ಲ. ಹಸಿ ಗೋಣಿಯನ್ನು ಕೈಯಲ್ಲಿ ಹಿಡಿದು ನಿಂತೆ. ಜೋಡಣೆ ಸಂದಿನೊಳಕ್ಕೆ ಹೋಯಿತು. ಚಿತ್ರ ಒಮ್ಮೆ ಹಾರಿ ಕೂತಿತು. ಅದರ ಹಿಂದೆಯೇ ಸ್ಪೀಕರಿನಿಂದ ಠಪ್ ಎಂದು ದೊಡ್ಡ ಸದ್ದು.

ಮಸಿ ಬಳಿಯದೆ ಬಿಟ್ಟದ್ದು ನೆನಪಿಗೇ ಬರಲಿಲ್ಲ. ಕಂಬ ಹೋಯಿತು ಎಂದುಕೊಂಡೆ, ಕಣ್ಣು ಮುಚ್ಚಿದೆ. ಹೆಂಗಸರ ತಲೆಗಳೆಲ್ಲ ಮೇಲಕ್ಕೆದ್ದವಂತೆ, ಬಾಗಿಲಿನಿಂದ ನೋಡಿದ ಕಾಕಾ ಆಮೇಲೆ ಹೇಳಿದ. ನಾನು ಕಣ್ಣು ತೆರೆದಾಗ ಪರದೆಯ ತುಂಬ ಆರತಿ ಬೆಳಗುತ್ತಿತ್ತು, ಮಂಗಳ ಹಾಡುತ್ತಿದ್ದರು.

ಒಂದು ಕ್ಷಣ ಯಾರೂ ಏಳಲಿಲ್ಲ. ಮಗು ಸಿಗದೆ ಮಂಗಳ ಹೇಗೆ ಬಂತೆಂದು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಕಂಬದ ಬುಡದಿಂದ ಬಳೆಗಾರ್ತಿಯ ದನಿ ಬಂತು. "ಮಂಗಳ ಆತು, ಏಳ್ರೆವಾ. ಕೈ ಮುಗ್ದು ಮಕ್ಕಳ್ನ ಎತ್ಕೊಳ್ರಿ. ಆರತಿ ಹೊತ್ನ್ಯಾಗ ಕುಂದರಬಾರ್ದು."

ಅವರು ಎದ್ದರು. ಕೈಮುಗಿದರು. ಮಲಗಿದ ಮಕ್ಕಳು ಹೆಗಲಿಗೇರಿದವು. ಒಬ್ಬ ಮುದುಕಿ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಲು ಕೂತಾಗ ನಾನು ಗೂಡಿನೊಳಗೆ ಅತ್ತೇಬಿಟ್ಟೆ. ಸಾಲು ಬಾಗಿಲಿನ ಕಡೆ ಹೊರಟಿತು, ಒಬ್ಬರ ಹಿಂದೆ ಒಬ್ಬರು, ಯಾರನ್ನೂ ಯಾರೂ ತಳ್ಳದೆ. ನೆರಳು ಪರದೆಯ ಅರ್ಧವನ್ನು ನುಂಗಿತ್ತು. ಹೆಂಗಸರೆಲ್ಲ ಬಾಗಿಲು ತಲುಪಿದರೂ ಬಳೆಗಾರ್ತಿ ಮಾತ್ರ ಕೂತಲ್ಲೇ ಕೂತಿದ್ದಳು. ಮಡಿಲಲ್ಲಿ ಗಂಟು ಬಿಚ್ಚಿಕೊಂಡು ಬಳೆಗಳನ್ನು ಒಂದೊಂದಾಗಿ ದಾರಕ್ಕೆ ಪೋಣಿಸುತ್ತಿದ್ದಳು. ನನ್ನ ಮೈ ಉರಿದುಹೋಯಿತು. ಪ್ರಾಣ ಹೋಗುವ ಹೊತ್ತಿನಲ್ಲಿ ಇವಳಿಗೆ ಬಳೆಯ ಆಸೆ ನೋಡು ಎಂದು ಬಾಯಿಗೆ ಬಂದಂತೆ ಶಪಿಸಿದೆ.

ಮಂಗಳ ಚಿಕ್ಕದು, ಮುಗಿದೇ ಹೋಯಿತು. ಫಿಲಮ್ಮಿನ ಬಾಲ ಹೊರಬಿತ್ತು. ನಾನು ಬೆಳಕು ಆರಿಸಲಿಲ್ಲ. ಪರದೆ ಬರೀ ಬಿಳಿಯಾಗಿ ನಿಂತಿತು, ಅದರ ಮೇಲೆ ಕಂಬದ ನೆರಳು ಓರೆಯಾಗಿ. ಕೊನೆಯ ಹೆಂಗಸು ಬಾಗಿಲು ದಾಟಿದ ಮೇಲೆ ಬಳೆಗಾರ್ತಿ ಗಂಟು ಕಟ್ಟಿದಳು, ಕೋಲು ಊರಿದಳು, ಎದ್ದಳು. ಆ ಖಾಲಿ ಮರಳಿನ ಮೇಲೆ ಕಾಲೆಳೆದುಕೊಂಡು ನಡೆದಳು. ನಾನು ಹಿಂಬಾಗಿಲಿಗೆ ಕೈ ಹಚ್ಚಿ ನಿಂತಿದ್ದೆ. ಓಡಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಬೆಳಕು ಹೋದರೆ ಅವಳು ಹಗ್ಗಕ್ಕೋ ಮರಳಗುಡ್ಡೆಗೋ ಎಡವುತ್ತಾಳೆ ಎಂಬ ಒಂದೇ ಕಾರಣಕ್ಕೆ ನಿಂತೆ. ಅವಳ ಕೋಲು ಬಾಗಿಲಿನ ಆಚೆ ಹೋಯಿತು. ಕಾರ್ಬನ್ ಆರಿಸಿ ಹಿಂದಿನಿಂದ ಹಾರಿದೆ.

ಹಗ್ಗ ಹಿಡಿದಿದ್ದವರಿಗೆ ಬಿಡಿ ಎಂದು ಕಾಕಾ ಈಗ ತನ್ನ ನಿಜವಾದ ಗಂಟಲಿನಲ್ಲಿ ಕೂಗಿದ. ಅವರು ಬಿಟ್ಟು ಸರಿಯುತ್ತಿದ್ದಂತೆ ಒಳಗೆ ಕಂಬ ಮುರಿಯಿತು. ಟೆಂಟು ನಿಟ್ಟುಸಿರು ಬಿಟ್ಟಂತೆ ಬಲಗಡೆಗೆ ಮಲಗಿತು. ಆಮೇಲೆ ಹೆಂಗಸರು ಚೀರಿದರು, ಗಂಡಸರು ತಮ್ಮವರ ಹೆಸರು ಹಿಡಿದು ಕೂಗಿದರು. ಎಲ್ಲರೂ ಹೊರಗಿದ್ದರು.

ಮರುದಿನ ಬೆಳಿಗ್ಗೆ ಯಜಮಾನರು ಬಂದು ಬಿದ್ದ ಟೆಂಟಿನ ಸುತ್ತ ಒಂದು ಸುತ್ತು ಹಾಕಿದರು. ಮುರಿದ ಕಂಬದ ಹತ್ತಿರ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತರು. ಏಳುವಾಗ, "ಆ ನೀರಿನ ತುಂಡು ಇಟ್ಟೀ ಏನಲೇ?" ಎಂದರು. ಇಟ್ಟೀನ್ರಿ ಎಂದೆ. "ಹಚ್ಚು," ಎಂದು ಹೋದರು. ಬೇವಿನ ಮರದ ಕೆಳಗೆ ಕೂತು ಕೊಳವನ್ನೂ ಜಿಂಕೆಯನ್ನೂ ಅವುಗಳ ಜಾಗಕ್ಕೆ ಜೋಡಿಸಿದೆ. ಈ ಸಲ ಮಸಿ ಬಳಿದೆ.

ಬಳೆಗಾರ್ತಿ ಕೋಲು ಪಕ್ಕಕ್ಕಿಟ್ಟು ನನ್ನ ಎದುರಿಗೆ ಬಂದು ಕೂತಳು.

"ಅಲ್ಲಿ ಮಂಗಳ ಬರಂಗಿಲ್ಲ ಅಂತ ನಂಗ ಗೊತ್ತಿತ್ತು ತಮ್ಮಾ. ಮ್ಯಾಲ ನೋಡಿದೆ, ಕಂಬ ಕಾಣ್ತು," ಎಂದಳು.

ನನಗೆ ಹಿಂದಿನ ಸಂಜೆಯ ಸಿಟ್ಟು ಮತ್ತೆ ಏರಿತು. "ಗೊತ್ತಿದ್ದೂ ಬಳಿ ಪೋಣಿಸ್ಕೊಂತ ಕುಂತಿದ್ದೀ? ನಾ ಅಲ್ಲಿ ಸತ್ತು ಸತ್ತು ಹುಟ್ಟಾಕಹತ್ತಿದ್ದೆ. ಜಲ್ದಿ ಏಳಾಕ ಏನಾಗಿತ್ತಕ್ಕಾ?"

ಅವಳು ಪಾದವನ್ನು ಎರಡೂ ಕೈಯಲ್ಲಿ ಎತ್ತಿ ಇನ್ನೊಂದು ಮಗ್ಗುಲಿಗೆ ಇಟ್ಟುಕೊಂಡಳು. "ಎಲ್ಲಾರೂ ನನ್ನ ನೋಡಾಕಹತ್ತಿದ್ರು. ಕುಂಟಿ ನಾನು, ನಾನ ಗಡಬಡಿಸಿ ಎದ್ದಿದ್ರ ಉಳದೋರು ನಡೀತಿದ್ರೇನು?"

ನಾನು ಬ್ಲೇಡು ಕೆಳಗಿಟ್ಟೆ. "ಹೆದರಿಕಿ ಆಗ್ಲಿಲ್ಲೇನು?" ಎಂದೆ.

"ಆಗಿತ್ತಪ್ಪಾ. ಒಂದ ದಾರದಾಗ ಹಸರು ಕೆಂಪು ಎಲ್ಲಾ ಕೂಡ್ಸಿ ಪೋಣ್ಸೀನಿ ನೋಡು," ಎಂದು ಗಂಟು ಬಿಚ್ಚಿ ತೋರಿಸಿದಳು. ಆಮೇಲೆ ಇಬ್ಬರೂ ಕೂತು ಬಳೆಗಳನ್ನು ಬಣ್ಣ ಬಣ್ಣ ಬೇರೆ ಮಾಡಿದೆವು.